ಗಣಕಯಂತ್ರದ ದಿನಚರಿಯನ್ನು ಓದುವ ಬಗೆ

ಹಾಯಿಹಡಗುಗಳ ಕಾಲದಲ್ಲಿ ನಾವಿಕರು ತಮ್ಮ ಹಡಗಿನ ವೇಗವನ್ನು ತಿಳಿಯುವುದಕ್ಕೆ ಒಂದು ಮರದ ತುಂಡನ್ನು ಹಗ್ಗಕ್ಕೆ ಕಟ್ಟಿ ಹಿಂಭಾಗದಿಂದ ಸಮುದ್ರಕ್ಕೆ ಎಸೆಯುತ್ತಿದ್ದರು. ಹಗ್ಗದಲ್ಲಿ 47 ಅಡಿ 3 ಅಂಗುಲಕ್ಕೆ ಒಂದರಂತೆ ಗಂಟುಗಳಿರುತ್ತಿದ್ದುವು. 28 ಸೆಕೆಂಡುಗಳ ಮರಳು ಗಡಿಯಾರ ಬರಿದಾಗುವುದರೊಳಗೆ ಎಷ್ಟು ಗಂಟುಗಳು ಕೈಯಿಂದ ಜಾರಿದುವೋ, ಗಂಟೆಗೆ ಅಷ್ಟು ನಾವಿಕ ಮೈಲಿಗಳ ವೇಗದಲ್ಲಿ ಹಡಗು ಸಾಗುತ್ತಿದೆಯೆಂದು ಲೆಕ್ಕ. ಆ ಮರದ ತುಂಡಿಗೆ ಇಂಗ್ಲಿಷಿನಲ್ಲಿ ಲಾಗ್ ಎಂದು ಹೆಸರು. ಹೀಗೆ ಅಳೆದ ವೇಗವನ್ನು ಬರೆದಿಡುತ್ತಿದ್ದ ಪುಸ್ತಕವು ಲಾಗ್ ಪುಸ್ತಕವಾಯಿತು. ಕಾಲಕ್ರಮದಲ್ಲಿ ಗಾಳಿ, ಮಳೆ, ಅಪಘಾತ, ನಾವಿಕರ ಜಗಳ ಎಲ್ಲವೂ ಅದರೊಳಗೆ ಸೇರಿದುವು. ಇಂದು ಸಮುದ್ರವನ್ನೇ ಕಾಣದ ಗಣಕಯಂತ್ರಗಳೂ ಲಾಗ್ ಬರೆಯುತ್ತವೆ. ತಾನು ಯಾವ ಘಳಿಗೆಯಲ್ಲಿ ಏನು ಮಾಡಿದೆ, ಯಾರು ಏನು ಕೇಳಿದರು, ಎಲ್ಲಿ ತಪ್ಪಿತು ಎಂಬುದನ್ನು ಒಂದೊಂದು ಸಾಲಿನಲ್ಲಿ ಬರೆದಿಡುವ ಈ ದಿನಚರಿಯೇ, ಏನಾದರೂ ಕೆಟ್ಟಾಗ ನಮಗಿರುವ ಸಾಕ್ಷಿ. ಅನೇಕ ವೇಳೆ ಬೇರೆ ಸಾಕ್ಷಿಯೇ ಇರುವುದಿಲ್ಲ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಪರೀಕ್ಷೆಯ ಶುಲ್ಕವನ್ನು ಸ್ವೀಕರಿಸುವ ಗಣಕವೊಂದು ಇದೆಯೆಂದು ಭಾವಿಸಿರಿ. ಕಡೆಯ ದಿನ ಸಂಜೆ ಐದು ಗಂಟೆಯೊಳಗೆ ಹಣ ಸಲ್ಲಬೇಕು. ಒಬ್ಬ ವಿದ್ಯಾರ್ಥಿನಿ, ತಾನು ಐದಕ್ಕೆ ಮೊದಲೇ 850 ರೂಪಾಯಿಗಳನ್ನು ಸಲ್ಲಿಸಲು ಯತ್ನಿಸಿದೆನೆಂದೂ ದೋಷ ಗಣಕದ್ದೆಂದೂ ಹೇಳುತ್ತಾಳೆ. ಅವಳ ಮಾತು ನಿಜವೇ ಎಂದು ತಿಳಿಯಲು ದಿನಚರಿಯನ್ನು ನೋಡಬೇಕು. ಅಲ್ಲಿ ಈ ಸಾಲು ಇದೆ:

ಸಮಯ=16:58:21 ಮಟ್ಟ=ದೋಷ ಕೆಲಸ=ಶುಲ್ಕ ಮೊತ್ತ=850 ಸಂದೇಶ="ಬ್ಯಾಂಕಿನ ಉತ್ತರದಲ್ಲಿ ಮೊತ್ತ=0 ಎಂದಿದೆ"

(ನಿಜವಾದ ದಾಖಲೆಗಳಲ್ಲಿ ಈ ಹೆಸರುಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುವುವು. ವಾಚಕರ ಅನುಕೂಲಕ್ಕಾಗಿ ನಾವು ಕನ್ನಡದಲ್ಲಿ ಕೊಟ್ಟಿದ್ದೇವೆ, ತತ್ತ್ವದಲ್ಲಿ ಭೇದವಿಲ್ಲ.)

ಒಂದು ಹೆಸರು, ಸಮ ಚಿಹ್ನೆ, ಒಂದು ಮೌಲ್ಯ, ಬಳಿಕ ತೆರಪು, ಮತ್ತೆ ಇನ್ನೊಂದು ಜೋಡಿ. ಮೌಲ್ಯದಲ್ಲಿಯೇ ತೆರಪುಗಳಿದ್ದರೆ ಅದನ್ನು ಉದ್ಧರಣ ಚಿಹ್ನೆಗಳ ನಡುವೆ ಇಡಬೇಕು. ಮನುಷ್ಯರ ಕಣ್ಣಿಗೂ ಯಂತ್ರದ ಬುದ್ಧಿಗೂ ಏಕಕಾಲದಲ್ಲಿ ಒಪ್ಪುವುದರಿಂದ ಈ ರೂಪ ಬಹಳ ಬಳಕೆಯಲ್ಲಿದೆ. ಒಂದು ಸಾಲಾದರೆ ನಾವೇ ಓದಿಬಿಡಬಹುದು. ದಿನಕ್ಕೆ ಹತ್ತು ಲಕ್ಷ ಸಾಲುಗಳಾದರೆ ಅದು ಯಂತ್ರದ ಕೆಲಸ.

ಹೊಸದಾಗಿ ಪ್ರೋಗ್ರಾಮ್ ಬರೆಯಲು ಕಲಿತವನಿಗೆ ಕೂಡಲೇ ಹೊಳೆಯುವ ಉಪಾಯವೆಂದರೆ, ಸಾಲನ್ನು ತೆರಪು ಇರುವ ಕಡೆಗಳಲ್ಲೆಲ್ಲ ಕತ್ತರಿಸುವುದು. ಬಂದ ತುಂಡುಗಳನ್ನು ಸಮ ಚಿಹ್ನೆಯ ಬಳಿ ಮತ್ತೆ ಕತ್ತರಿಸುವುದು. ಮೇಲಿನ ಸಾಲಿಗೆ ಹೀಗೆ ಮಾಡಿದರೆ ಏನಾಗುವುದು? ಐದು ಜೋಡಿಗಳಿರುವ ಸಾಲಿನಿಂದ ಎಂಟು ತುಂಡುಗಳು ಬರುತ್ತವೆ. ಅವುಗಳಲ್ಲಿ 'ಉತ್ತರದಲ್ಲಿ' ಎಂಬುದಕ್ಕೂ 'ಎಂದಿದೆ"' ಎಂಬುದಕ್ಕೂ ಸಮ ಚಿಹ್ನೆ ಇಲ್ಲ; ಆದಕಾರಣ ಅವನ್ನು ಬಿಸಾಡಲಾಗುವುದು. ಅದು ಸಣ್ಣ ನಷ್ಟ. ಆದರೆ ಏಳನೆಯ ತುಂಡಾದ 'ಮೊತ್ತ=0' ಎಂಬುದು ನೋಡುವುದಕ್ಕೆ ಸರಿಯಾದ ಜೋಡಿಯಂತೆಯೇ ಇದೆ! ಒಂದೇ ಹೆಸರು ಎರಡು ಸಲ ಬಂದರೆ ಕೊನೆಯದನ್ನು ಉಳಿಸಿಕೊಳ್ಳುವುದು ಇಂಥ ಪ್ರೋಗ್ರಾಮುಗಳ ಸಾಮಾನ್ಯ ರೂಢಿ. ಆ ವಿದ್ಯಾರ್ಥಿನಿ ಸಲ್ಲಿಸಲೆತ್ನಿಸಿದ 850 ರೂಪಾಯಿಗಳು ಸೊನ್ನೆಯಾದುವು. ಯಂತ್ರ ನಿಲ್ಲಲಿಲ್ಲ, ದೂರಲಿಲ್ಲ. ಶಾಂತವಾಗಿ ಸುಳ್ಳು ಹೇಳಿತು. ನಮ್ಮ ಅಭಿಪ್ರಾಯದಲ್ಲಿ, ಕೆಲಸ ನಿಲ್ಲಿಸಿ ಕೂಗಿಕೊಳ್ಳುವ ಪ್ರೋಗ್ರಾಮಿಗಿಂತ ಹೀಗೆ ಸದ್ದಿಲ್ಲದೆ ತಪ್ಪುವ ಪ್ರೋಗ್ರಾಮು ನೂರು ಪಾಲು ಕೆಟ್ಟದ್ದು.

ಹಾಗಾದರೆ ಸಾಲನ್ನು ಕತ್ತರಿಸುವುದಲ್ಲ, ಓದಬೇಕು. ಹಳಗನ್ನಡ ಪದ್ಯವನ್ನು ಎದುರಿಗಿಟ್ಟುಕೊಂಡ ವಿದ್ಯಾರ್ಥಿ ಮೊದಲು ಪದಚ್ಛೇದ ಮಾಡುತ್ತಾನಷ್ಟೆ. ಅವನು ಸಿಕ್ಕಿದ ಕಡೆ ಗೆರೆ ಎಳೆಯುವುದಿಲ್ಲ. ಎಡದಿಂದ ಬಲಕ್ಕೆ ಹೋಗುತ್ತ, ಇಲ್ಲಿಯವರೆಗೆ ಒಂದು ಪದ, ಉಳಿದದ್ದು ಇಷ್ಟು ಎಂದು ನಿರ್ಧರಿಸುತ್ತಾನೆ. ಗಣಕಶಾಸ್ತ್ರದಲ್ಲಿ ಈ ಕೆಲಸವನ್ನು ಮಾಡುವ ಪ್ರೋಗ್ರಾಮಿಗೆ ಪಾರ್ಸರ್ ಎಂದು ಹೆಸರು. ಅದನ್ನು ಫಲನಾತ್ಮಕ ಭಾಷೆಯೊಂದರಲ್ಲಿ ಹೇಗೆ ಕಟ್ಟುತ್ತಾರೆಂಬುದೇ ಈ ಪಾಠದ ವಿಷಯ.

ಗಣಿತದಲ್ಲಿ ಫಲನವೆಂದರೆ (ಕೆಲವು ಪಠ್ಯಗಳು ಇದನ್ನು ಉತ್ಪನ್ನವೆಂದು ಕರೆಯುತ್ತವೆ) ಒಂದನ್ನು ಕೊಟ್ಟರೆ ಮತ್ತೊಂದನ್ನು ನಿಶ್ಚಿತವಾಗಿ ಕೊಡುವ ನಿಯಮ. ಮೂರರ ವರ್ಗ ಇಂದು ಒಂಬತ್ತು, ನಾಳೆಯೂ ಒಂಬತ್ತು. ಪ್ರೋಗ್ರಾಮುಗಳನ್ನೂ ಇಂಥ ಫಲನಗಳಿಂದಲೇ ರಚಿಸಬೇಕೆಂಬ ವಿಚಾರ ಹಳೆಯದು. ಅಲೊಂಜೊ ಚರ್ಚ್ ಎಂಬ ಅಮೆರಿಕದ ತರ್ಕಶಾಸ್ತ್ರಜ್ಞರು 1930ರ ದಶಕದಲ್ಲಿ ರೂಪಿಸಿದ ಲ್ಯಾಂಬ್ಡಾ ಕಲನದಲ್ಲಿ ಅದರ ಬೇರಿದೆ. 1990ರಲ್ಲಿ ಪ್ರಕಟವಾದ ಹ್ಯಾಸ್ಕೆಲ್ ಭಾಷೆ ಈ ವಂಶದ್ದು. ಹ್ಯಾಸ್ಕೆಲ್ ಕರಿ (1900-1982) ಎಂಬ ತರ್ಕಶಾಸ್ತ್ರಜ್ಞರ ಹೆಸರನ್ನು ಅದಕ್ಕೆ ಇಟ್ಟಿದ್ದಾರೆ.

ಈ ಭಾಷೆಯಲ್ಲಿ ಪಾರ್ಸರ್ ಎಂಬುದೂ ಒಂದು ಫಲನವೇ. ಅದಕ್ಕೆ ಒಂದು ಪಠ್ಯವನ್ನು ಕೊಟ್ಟರೆ, ಅದು ಎರಡರಲ್ಲೊಂದನ್ನು ಹಿಂದಿರುಗಿಸುವುದು. ತನಗೆ ಬೇಕಾದದ್ದು ಪಠ್ಯದ ಆರಂಭದಲ್ಲಿ ಸಿಗಲಿಲ್ಲವಾದರೆ 'ಸೋಲು' ಎನ್ನುವುದು. ಸಿಕ್ಕಿದರೆ ಒಂದು ಯುಗ್ಮವನ್ನು ಕೊಡುವುದು: ಸಿಕ್ಕಿದ ಫಲ ಮತ್ತು ಇನ್ನೂ ಓದದೆ ಉಳಿದ ಶೇಷ.

ಪಾರ್ಸರ್ : ಪಠ್ಯ → ಸೋಲು ಅಥವಾ (ಫಲ, ಶೇಷ)

ಇದರಲ್ಲಿ ಶೇಷವೇ ಮುಖ್ಯ. ಒಂದು ಪಾರ್ಸರಿನ ಶೇಷವನ್ನು ಮುಂದಿನದಕ್ಕೆ ಉಣಿಸಿದರೆ ಸರಪಳಿಯಾಯಿತು. ಹೀಗೆ ಪಾರ್ಸರುಗಳನ್ನು ಕೂಡಿಸುವ ವಿಧಾನಗಳು ನಾಲ್ಕೇ ಸಾಕು. ಅನುಕ್ರಮ: ಮೊದಲು ಇದು, ಬಳಿಕ ಅದು; ಯಾವುದು ಸೋತರೂ ಇಡೀ ಅನುಕ್ರಮವೇ ಸೋತಂತೆ. ವಿಕಲ್ಪ: ಇದನ್ನು ಯತ್ನಿಸು, ಸೋತರೆ ಮೊದಲಿನ ಪಠ್ಯಕ್ಕೆ ಹಿಂದಿರುಗಿ ಅದನ್ನು ಯತ್ನಿಸು. ಆವೃತ್ತಿ: ಸೋಲುವವರೆಗೂ ಇದನ್ನೇ ಮತ್ತೆ ಮತ್ತೆ ಮಾಡಿ ಫಲಗಳನ್ನು ಪಟ್ಟಿಯಾಗಿ ಕೂಡಿಸು. ರೂಪಾಂತರ: ಬಂದ ಫಲಕ್ಕೆ ಮತ್ತೊಂದು ಫಲನವನ್ನು ಅನ್ವಯಿಸು. ಈ ನಾಲ್ಕರ ಕೆಳಗೆ, ಪಠ್ಯದ ಮೊದಲ ಅಕ್ಷರ ಇಂಥದಾಗಿದ್ದರೆ ಅದನ್ನು ತೆಗೆದುಕೊಡುವ ಒಂದು ಪುಟ್ಟ ಪಾರ್ಸರ್ ಇದ್ದರೆ ಅದೇ ಅಡಿಗಲ್ಲು.

ಆವೃತ್ತಿಯನ್ನು ಹ್ಯಾಸ್ಕೆಲ್ ಭಾಷೆಯವರು ವಿವರಿಸುವ ರೀತಿ ಸೊಗಸಾಗಿದೆ. 'ಪ' ಎಂಬ ಪಾರ್ಸರಿನ ಆವೃತ್ತಿಯೆಂದರೆ, ಒಂದು ಸಲ ಪ, ಅದರ ಹಿಂದೆಯೇ ಪ-ದ ಆವೃತ್ತಿ. ಅದಾಗದಿದ್ದರೆ ಖಾಲಿ ಪಟ್ಟಿ. ತನ್ನನ್ನು ತಾನೇ ಕರೆದುಕೊಳ್ಳುವ ಈ ವಿವರಣೆ ಸುಳಿಯಂತೆ ತೋರಿದರೂ, ಪ್ರತಿ ಸುತ್ತಿನಲ್ಲಿಯೂ ಶೇಷ ಕಿರಿದಾಗುವುದರಿಂದ ಒಂದು ಕಡೆ ನಿಂತೇ ನಿಲ್ಲುವುದು. ಶೇಷ ಕಿರಿದಾಗದಿದ್ದರೆ? ಏನನ್ನೂ ನುಂಗದೆಯೇ ಗೆಲ್ಲಬಲ್ಲ ಪಾರ್ಸರನ್ನು ಆವೃತ್ತಿಗೆ ಒಪ್ಪಿಸಿದರೆ ಯಂತ್ರವು ಅದೇ ಜಾಗದಲ್ಲಿ ಅನಂತವಾಗಿ ಗೆಲ್ಲುತ್ತಲೇ ಕೂತಿರುವುದು. ಆರಂಭದಲ್ಲಿ ಎಲ್ಲರೂ ಒಮ್ಮೆಯಾದರೂ ಈ ಹೊಂಡಕ್ಕೆ ಬೀಳುತ್ತಾರೆ.

ಈಗ ನಮ್ಮ ದಿನಚರಿಯ ವ್ಯಾಕರಣವನ್ನು ಬರೆಯೋಣ. ವ್ಯಾಕರಣವೆಂಬ ಮಾತನ್ನು ನಾವು ಅಲಂಕಾರಕ್ಕಾಗಿ ಬಳಸಿಲ್ಲ. ಗಣಕ ಭಾಷೆಗಳ ರಚನೆಯನ್ನು ಸೂತ್ರಗಳಾಗಿ ಬರೆಯುವ ಪದ್ಧತಿ ಜಾನ್ ಬ್ಯಾಕಸ್ ಅವರಿಂದ 1959ರಲ್ಲಿ ಆರಂಭವಾಯಿತು; 1967ರಲ್ಲಿ ಪೀಟರ್ ಇಂಗರ್ಮನ್ ಎಂಬವರು, ಪಾಣಿನಿಯು ಇದಕ್ಕೆ ಸಮಾನವಾದ ಪದ್ಧತಿಯನ್ನು ಬಹು ಹಿಂದೆಯೇ ಬಳಸಿರುವುದರಿಂದ ಇದನ್ನು ಪಾಣಿನಿ-ಬ್ಯಾಕಸ್ ರೂಪವೆಂದು ಕರೆಯಬೇಕೆಂದು ಸೂಚಿಸಿದರು. ಸೂಚನೆ ರೂಢಿಗೆ ಬರಲಿಲ್ಲ. ನಮ್ಮ ಸೂತ್ರಗಳು ಇವು:

ಸಾಲು = ಜೋಡಿ, ಆವೃತ್ತಿ (ತೆರಪು, ಜೋಡಿ), ಕೊನೆ
ಜೋಡಿ = ಹೆಸರು, '=', ಮೌಲ್ಯ
ಮೌಲ್ಯ = ಉಕ್ತಿ ಅಥವಾ ಬರಿಮೌಲ್ಯ

ಹೆಸರೆಂದರೆ ತೆರಪು, ಸಮ ಚಿಹ್ನೆ, ಉದ್ಧರಣ ಚಿಹ್ನೆ ಇವು ಮೂರನ್ನು ಬಿಟ್ಟು ಬೇರೆ ಅಕ್ಷರಗಳು, ಕಡೆಯಪಕ್ಷ ಒಂದು. ಬರಿಮೌಲ್ಯವೆಂದರೆ ತೆರಪನ್ನೂ ಉದ್ಧರಣ ಚಿಹ್ನೆಯನ್ನೂ ಬಿಟ್ಟು ಬೇರೆ ಅಕ್ಷರಗಳು; ಸೊನ್ನೆಯಾದರೂ ಆಗಬಹುದು, ಏಕೆಂದರೆ 'ಮೊತ್ತ=' ಎಂದು ಮೌಲ್ಯವಿಲ್ಲದೆ ಬರೆಯುವುದೂ ಉಂಟು. ತೆರಪು ಒಂದೋ ಹೆಚ್ಚೋ ಇರಬಹುದು. ಉಕ್ತಿಯೆಂದರೆ ಉದ್ಧರಣ ಚಿಹ್ನೆ, ಒಳಗಿನ ಅಕ್ಷರಗಳು, ಮತ್ತೆ ಉದ್ಧರಣ ಚಿಹ್ನೆ. ಒಳಗೇ ಒಂದು ಉದ್ಧರಣ ಚಿಹ್ನೆ ಬೇಕಾದರೆ ಅದರ ಹಿಂದೆ ಓರೆಗೆರೆಯನ್ನು ಹಾಕಿ \" ಎಂದು ಬರೆಯುತ್ತಾರೆ, ಓರೆಗೆರೆಯೇ ಬೇಕಾದರೆ \\ ಎಂದು ಎರಡು. ಆದುದರಿಂದ ಒಳಗಿನ ಪ್ರತಿಯೊಂದು ಅಕ್ಷರವೂ ಒಂದು ವಿಕಲ್ಪ: ಸಾಧಾರಣ ಅಕ್ಷರ, ಅಥವಾ ಓರೆಗೆರೆ ಮತ್ತು ಅದರ ಮುಂದಿನ ಅಕ್ಷರ.

ಹ್ಯಾಸ್ಕೆಲ್ ಭಾಷೆಯಲ್ಲಿ ಬರೆದ ಪ್ರೋಗ್ರಾಮು ಈ ಸೂತ್ರಗಳಿಗಿಂತ ಹೆಚ್ಚು ಉದ್ದವಾಗಿರುವುದಿಲ್ಲ. ಸೂತ್ರಕ್ಕೆ ಒಂದರಂತೆ ಫಲನ, 'ಅಥವಾ' ಇರುವ ಕಡೆ <|> ಎಂಬ ಚಿಹ್ನೆ. 'ಮೊತ್ತ=850' ಎಂಬುದರ ಮೇಲೆ ಜೋಡಿಯನ್ನು ನಡೆಸಿ ನೋಡಿರಿ. ಹೆಸರು ತನ್ನ ಪಾಲನ್ನು ನುಂಗಿ ("ಮೊತ್ತ", "=850") ಎಂದು ಕೊಡುವುದು. ಶೇಷದ ಮೇಲೆ ಸಮ ಚಿಹ್ನೆಯ ಪಾರ್ಸರ್ ನಡೆದರೆ "850" ಉಳಿಯುವುದು. ಮೌಲ್ಯವು ಮೊದಲು ಉಕ್ತಿಯನ್ನು ಯತ್ನಿಸುವುದು. 8 ಎಂಬುದು ಉದ್ಧರಣ ಚಿಹ್ನೆಯಲ್ಲವಾದ್ದರಿಂದ ಸೋಲು. ಬಳಿಕ ಬರಿಮೌಲ್ಯ ಗೆದ್ದು ("850", "") ಎನ್ನುವುದು. ಸಂದೇಶದ ಸರದಿ ಬಂದಾಗ ಉಕ್ತಿಯೇ ಗೆಲ್ಲುವುದು; ಅದರ ಹೊಟ್ಟೆಯೊಳಗಿರುವ 'ಮೊತ್ತ=0' ಎಂಬುದನ್ನು ಜೋಡಿಯ ಪಾರ್ಸರ್ ನೋಡುವ ಸಂದರ್ಭವೇ ಬಾರದು. ಐದು ಜೋಡಿಗಳು, ಮೊತ್ತ 850.

ಸೂತ್ರದ ಕೊನೆಯಲ್ಲಿರುವ 'ಕೊನೆ' ಎಂಬುದನ್ನು ವಾಚಕರು ಅಷ್ಟಾಗಿ ಗಮನಿಸಿರಲಿಕ್ಕಿಲ್ಲ. ಶೇಷವು ಬರಿದಾಗಿದ್ದರೆ ಮಾತ್ರ ಗೆಲ್ಲುವ ಪಾರ್ಸರ್ ಅದು. ಅದನ್ನು ಬಿಟ್ಟರೆ ಏನು ಕೆಡುವುದೆಂದು ನೋಡೋಣ. ವಿದ್ಯುತ್ತು ಹೋಗಿ ಬರೆಯುತ್ತಿದ್ದ ಸಾಲು ಅರ್ಧಕ್ಕೇ ನಿಂತಿತು. ಸಂದೇಶದ ಮುಕ್ತಾಯದ ಉದ್ಧರಣ ಚಿಹ್ನೆ ಬೀಳಲೇ ಇಲ್ಲ. ಉಕ್ತಿ ಸೋಲುವುದು, ಸರಿ. ವಿಕಲ್ಪವು ಹಿಂದಿರುಗಿ ಬರಿಮೌಲ್ಯವನ್ನು ಯತ್ನಿಸುವುದು. ಎದುರಿಗೆ ಉದ್ಧರಣ ಚಿಹ್ನೆ ಇರುವುದರಿಂದ ಬರಿಮೌಲ್ಯವು ಸೊನ್ನೆ ಅಕ್ಷರಗಳನ್ನು ನುಂಗಿ ಗೆಲ್ಲುವುದು. ಆವೃತ್ತಿಗೆ ಮುಂದೆ ತೆರಪು ಕಾಣದು. ಸೋಲು ಅದಕ್ಕೆ ಸೋಲಲ್ಲ, ಇಲ್ಲಿಗೆ ಸಾಕೆಂಬ ಸೂಚನೆ. ಹೀಗೆ ಎಲ್ಲರೂ ತಮ್ಮ ತಮ್ಮ ಮಟ್ಟಿಗೆ ಸರಿಯಾಗಿಯೇ ನಡೆದುಕೊಂಡು, ಐದು ಜೋಡಿಗಳನ್ನೂ ಖಾಲಿ ಸಂದೇಶವನ್ನೂ ನಮ್ಮ ಕೈಗೆ ಕೊಡುವರು. ಮುರಿದ ಸಾಲು ಸರಿಯಾದ ಸಾಲಿನ ವೇಷದಲ್ಲಿ ಬಂದಿತು. 'ಕೊನೆ' ಇದ್ದರೆ, ನುಂಗದೆ ಉಳಿದ ಶೇಷವನ್ನು ಕಂಡು ಅದು ಸೋಲನ್ನು ಸಾರುವುದು. ಬರಿಮೌಲ್ಯದಲ್ಲಿ ಉದ್ಧರಣ ಚಿಹ್ನೆಯನ್ನು ನಾವು ನಿಷೇಧಿಸಿದ್ದೂ ಇದಕ್ಕಾಗಿಯೇ. ಅದಕ್ಕೆ ಅನುಮತಿ ಇದ್ದಿದ್ದರೆ ಬರಿಮೌಲ್ಯವು '"ಬ್ಯಾಂಕಿನ' ಎಂಬುದನ್ನು ನುಂಗಿ, ಆರಂಭದಲ್ಲಿ ನಾವು ಬೈದ ಕತ್ತರಿಸುವ ಉಪಾಯವೇ ಹಿತ್ತಲ ಬಾಗಿಲಿನಿಂದ ಒಳಗೆ ಬರುತ್ತಿತ್ತು.

ಸಮ ಚಿಹ್ನೆಯೇ ಇಲ್ಲದ ಬರಿಯ ಹೆಸರನ್ನೂ ಜೋಡಿಯೆಂದು ಒಪ್ಪಿ, ಅದರ ಮೌಲ್ಯ 'ನಿಜ' ಎಂದು ಎಣಿಸುವ ಪದ್ಧತಿಯೂ ಕೆಲವೆಡೆ ಇದೆ. ನಾವು ಅದನ್ನು ಸೇರಿಸಲಿಲ್ಲ. ಅಷ್ಟು ಉದಾರವಾದ ವ್ಯಾಕರಣಕ್ಕೆ ಯಾವ ತಪ್ಪೂ ತಪ್ಪೆಂದು ತೋರದು.

ಸೋತ ಸಾಲುಗಳನ್ನು ಏನು ಮಾಡಬೇಕು? ಬಿಸಾಡಕೂಡದು. ಆ ವಿದ್ಯಾರ್ಥಿನಿಗೆ ಬೇಕಾದ ಸಾಕ್ಷಿ ಅವುಗಳಲ್ಲಿಯೇ ಇದ್ದೀತು. ಓದಲು ಬಂದ ಸಾಲುಗಳು ಒಂದು ಪಟ್ಟಿಯಲ್ಲಿ, ಬಾರದವು ತಮ್ಮ ಕ್ರಮಸಂಖ್ಯೆಯೊಡನೆ ಇನ್ನೊಂದರಲ್ಲಿ ಇರಲಿ. ಎರಡರ ಮೊತ್ತ ಕಡತದ ಸಾಲುಗಳ ಸಂಖ್ಯೆಗೆ ಸಮವಾಗಿರಲಿ. 'ಸೋಲು' ಎಂಬ ಒಂದು ಮಾತಿಗೆ ಬದಲು ಎಷ್ಟನೆಯ ಅಕ್ಷರದಲ್ಲಿ ಏನನ್ನು ನಿರೀಕ್ಷಿಸಿ ಸೋತೆನೆಂದು ಪಾರ್ಸರ್ ಹೇಳಿದರೆ ಇನ್ನೂ ಉತ್ತಮ. 2001ರಲ್ಲಿ ಡಾನ್ ಲೇಯನ್ ಮತ್ತು ಎರಿಕ್ ಮೇಯರ್ ವಿವರಿಸಿದ ಪಾರ್ಸೆಕ್ ಎಂಬ ಸಾಧನಸಂಗ್ರಹ ಹಾಗೆ ಹೇಳುತ್ತದೆ. ಅದನ್ನು ಬಳಸುವವರು ಒಂದು ಭೇದವನ್ನು ನೆನಪಿಡಬೇಕು: ಮೊದಲ ವಿಕಲ್ಪವು ಒಂದಕ್ಷರವನ್ನಾದರೂ ನುಂಗಿ ಸೋತರೆ ಪಾರ್ಸೆಕ್ ತಾನಾಗಿ ಹಿಂದಿರುಗಿ ಎರಡನೆಯದನ್ನು ಯತ್ನಿಸುವುದಿಲ್ಲ, ಬೇಕಾದರೆ ನಾವೇ ಕೇಳಬೇಕು. ನಮ್ಮ ಮುರಿದ ಸಾಲಿನ ವಿಷಯದಲ್ಲಿ ಈ ಹಟಮಾರಿತನ ಒಳ್ಳೆಯದನ್ನೇ ಮಾಡುವುದು: ಉಕ್ತಿಯ ಸೋಲು ಅಲ್ಲಿಯೇ ವರದಿಯಾಗುವುದು.

ಜೋಡಿಗಳನ್ನು ನಿಘಂಟಿನಂಥ ಕೋಷ್ಟಕಕ್ಕೆ ಕೂಡಲೇ ತುಂಬದೆ, ಬಂದ ಕ್ರಮದಲ್ಲಿ ಪಟ್ಟಿಯಾಗಿಯೇ ಇಟ್ಟುಕೊಳ್ಳುವುದು ಲೇಸು. ಕೋಷ್ಟಕದಲ್ಲಿ ಒಂದು ಹೆಸರಿಗೆ ಒಂದೇ ಸ್ಥಳ. ಎರಡನೆಯ 'ಮೊತ್ತ' ಬಂದರೆ ಮೊದಲನೆಯದು ಮಾಯವಾಗುವುದು. ಕನ್ನಡದ ಹೆಸರುಗಳನ್ನು ಬಳಸುವವರಿಗೆ ಇಲ್ಲಿ ಇನ್ನೊಂದು ತೊಡಕುಂಟು. ಯೂನಿಕೋಡಿನಲ್ಲಿ 'ಮೊ' ಎಂಬುದನ್ನು ಎರಡು ಬಗೆಯಲ್ಲಿ ಬರೆಯಬಹುದು: ಮಕಾರದ ಮುಂದೆ ಒಕಾರದ ಒಂದೇ ಚಿಹ್ನೆ, ಅಥವಾ ಎಕಾರದ ಚಿಹ್ನೆ ಮತ್ತು ಊಕಾರದ ಚಿಹ್ನೆ ಎರಡೂ ಒಟ್ಟಿಗೆ. ಕಣ್ಣಿಗೆ ಭೇದವಿಲ್ಲ. ಆದರೆ ಮೊದಲ ಬಗೆಯ 'ಮೊತ್ತ'ದಲ್ಲಿ ಸಂಕೇತಗಳು ಐದು, ಎರಡನೆಯದರಲ್ಲಿ ಆರು. ಯಂತ್ರ ಇವೆರಡನ್ನೂ ಬೇರೆ ಬೇರೆ ಹೆಸರುಗಳೆಂದು ತಿಳಿದು, ಹುಡುಕಿದಾಗ ಸಿಗಲಿಲ್ಲವೆಂದುಬಿಡುವುದು. ಓದುವ ಮುನ್ನ ಪಠ್ಯವನ್ನು ಒಂದೇ ರೂಪಕ್ಕೆ ತಂದುಕೊಳ್ಳಬೇಕು.

ಇಷ್ಟೆಲ್ಲ ಎಚ್ಚರಿಕೆಯಿಂದ ಓದಿದರೂ ಪಾರ್ಸರಿಗೆ ಎಟುಕದ ಮೋಸವೊಂದಿದೆ. ಗಣಕಕ್ಕೆ ತನ್ನ ಹೆಸರನ್ನು ತುಂಬುವವನೊಬ್ಬ, ಹೆಸರಿನ ಜಾಗದಲ್ಲಿ ಹೊಸ ಸಾಲಿನ ಸಂಕೇತವನ್ನು ಸೇರಿಸಿ ಅದರ ಮುಂದೆ 'ಸಮಯ=16:59:00 ಮಟ್ಟ=ಸರಿ ಕೆಲಸ=ಶುಲ್ಕ ಮೊತ್ತ=850' ಎಂದು ಬರೆದನೆನ್ನಿ. ದಿನಚರಿ ಬರೆಯುವ ಪ್ರೋಗ್ರಾಮು ಅದನ್ನು ಹಾಗೆಯೇ ಇಳಿಸಿದರೆ, ಎಂದೂ ಸಲ್ಲದ ಹಣಕ್ಕೆ ವ್ಯಾಕರಣಶುದ್ಧವಾದ ಸಾಲೊಂದು ಹುಟ್ಟುವುದು. ಕೂಟಸಾಕ್ಷಿ! ಓದುವವನಿಗೆ ಇದನ್ನು ಗುರುತಿಸುವ ದಾರಿಯೇ ಇಲ್ಲ. ಬರೆಯುವವನೇ ಜಾಗರೂಕನಾಗಿರಬೇಕು: ಮೌಲ್ಯದೊಳಗಿನ ಉದ್ಧರಣ ಚಿಹ್ನೆಗೂ ಓರೆಗೆರೆಗೂ ಹಿಂದೆ ಓರೆಗೆರೆ ಹಾಕಬೇಕು; ಹೊಸ ಸಾಲಿನ ಸಂಕೇತಕ್ಕೆ ಬದಲು ಓರೆಗೆರೆಯನ್ನೂ ಇಂಗ್ಲಿಷಿನ ಎನ್ ಅಕ್ಷರವನ್ನೂ ಬರೆಯಬೇಕು; ಓದುವಾಗ ಆ ಎರಡನ್ನು ಮತ್ತೆ ಹೊಸ ಸಾಲಾಗಿ ತಿರುಗಿಸಬೇಕು.

ಆದಕಾರಣ ಬರೆಯುವ ಫಲನವೂ ಓದುವ ಫಲನವೂ ಒಂದಕ್ಕೊಂದು ವಿಲೋಮವಾಗಿರಬೇಕೆಂಬುದೇ ನಮ್ಮ ನಿಯಮ:

ಓದು (ಬರೆ (ಜೋಡಿಗಳು)) = ಜೋಡಿಗಳು

ಫಲನಗಳಿಂದ ಪ್ರೋಗ್ರಾಮು ಕಟ್ಟಿದುದರ ಲಾಭ ಇಲ್ಲಿ ಕಾಣುವುದು. ಇದು ಬೀಜಗಣಿತದ ಸಮೀಕರಣ, ಇದನ್ನು ಪರೀಕ್ಷಿಸಬಹುದು. ಕೂನ್ ಕ್ಲಾಸೆನ್ ಮತ್ತು ಜಾನ್ ಹ್ಯೂಸ್ ಎಂಬವರು 2000ದಲ್ಲಿ ಪ್ರಕಟಿಸಿದ ಕ್ವಿಕ್‌ಚೆಕ್ ಎಂಬ ಸಾಧನವು ಇಂಥ ನಿಯಮವನ್ನು ತೆಗೆದುಕೊಂಡು, ಯದೃಚ್ಛೆಯಾಗಿ ನೂರು ಉದಾಹರಣೆಗಳನ್ನು ಹುಟ್ಟಿಸಿ, ಯಾವುದರಲ್ಲಾದರೂ ನಿಯಮ ಮುರಿಯುವುದೇ ಎಂದು ನೋಡುವುದು. ನಾವು ಮೇಲೆ ಕೊಟ್ಟ ವ್ಯಾಕರಣವನ್ನೇ ಅದಕ್ಕೆ ಒಪ್ಪಿಸಿದರೆ ಅದು ಖಾಲಿ ಪಟ್ಟಿಯನ್ನು ಎತ್ತಿ ತೋರಿಸೀತು. ಒಂದು ಜೋಡಿಯೂ ಇಲ್ಲದ ಪಟ್ಟಿಯನ್ನು ಬರೆದರೆ ಖಾಲಿ ಸಾಲು. ನಮ್ಮ 'ಸಾಲು' ಕಡೆಯಪಕ್ಷ ಒಂದು ಜೋಡಿಯನ್ನು ಕೇಳುವುದರಿಂದ ಅದನ್ನು ಓದಲಾರದು. ಮುಂದೆ, ತೆರಪಿರುವ ಹೆಸರನ್ನು ಕೊಟ್ಟು ಮತ್ತೊಮ್ಮೆ ಮುರಿಯುವುದು. ಮೌಲ್ಯಕ್ಕೆ ಉಕ್ತಿಯ ರಕ್ಷಣೆಯುಂಟು, ಹೆಸರಿಗೆ ಇಲ್ಲ. ಹಾಗಾಗಿ ನಿಯಮವನ್ನು ತಿದ್ದಬೇಕು: ಪಟ್ಟಿ ಖಾಲಿಯಾಗಿರಕೂಡದು, ಹೆಸರುಗಳು ನಮ್ಮ ಸೂತ್ರಕ್ಕೆ ಒಪ್ಪಿರಬೇಕು. ಯಂತ್ರದಿಂದ ಹೇಳಿಸಿಕೊಳ್ಳುವ ತನಕ ಈ ಎರಡು ಷರತ್ತುಗಳು ನಮ್ಮಲ್ಲಿ ಬಹುಮಂದಿಗೆ ಹೊಳೆಯುವುದಿಲ್ಲ.

ಇಂಥ ಸರಳ ಸಾಲುಗಳಿಗೆ ಪಾರ್ಸರೇ ಬೇಕೆಂದಿಲ್ಲ, ರೆಗ್ಯುಲರ್ ಎಕ್ಸ್‌ಪ್ರೆಷನ್ ಎಂಬ ಮಾದರಿಸೂತ್ರವೇ ಸಾಕೆಂದು ಬಲ್ಲವರು ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದದ್ದೇ. ಆವರಣದೊಳಗೆ ಆವರಣ, ಅದರೊಳಗೆ ಇನ್ನೊಂದು, ಹೀಗೆ ಎಲ್ಲೆಯಿಲ್ಲದೆ ಹೋಗುವ ರಚನೆಗಳನ್ನು ಶುದ್ಧವಾದ ಮಾದರಿಸೂತ್ರ ಹಿಡಿಯಲಾರದು. ಆದರೆ ನಮ್ಮ ಸಾಲುಗಳಲ್ಲಿ ಅಂಥದೇನೂ ಇಲ್ಲ. ಆದರೂ ನಾವು ಪಾರ್ಸರನ್ನೇ ಆರಿಸಿಕೊಳ್ಳುವೆವು. ಚಿಹ್ನೆಗಳು ಕಿಕ್ಕಿರಿದ ಒಂದು ಗೇಣುದ್ದದ ಸೂತ್ರದಲ್ಲಿ ತಪ್ಪು ಅಡಗಿಕೊಂಡರೆ ಹುಡುಕುವುದು ಕಷ್ಟ. ಉಕ್ತಿ, ಬರಿಮೌಲ್ಯ, ಜೋಡಿ ಎಂದು ಹೆಸರಿಟ್ಟ ಫಲನಗಳನ್ನಾದರೆ ಒಂದೊಂದಾಗಿ ಹೊರತೆಗೆದು ಪರೀಕ್ಷಿಸಬಹುದು.

ವಾಚಕರಿಗೆ ಅಭ್ಯಾಸಕ್ಕೆಂದು ಎರಡು ಪ್ರಶ್ನೆಗಳು. ಒಂದು ಸಾಲಿನ ಕೊನೆಯಲ್ಲಿ, ಕಣ್ಣಿಗೆ ಕಾಣದ ಒಂದು ತೆರಪು ಉಳಿದುಕೊಂಡಿದೆ. ನಮ್ಮ ವ್ಯಾಕರಣ ಆ ಸಾಲನ್ನು ತಿರಸ್ಕರಿಸುವುದು. ಏಕೆಂದು ಆವೃತ್ತಿಯ ನಡೆಯನ್ನು ಹಿಂಬಾಲಿಸಿ ಕಂಡುಕೊಂಡು, ಸೂತ್ರವನ್ನು ತಿದ್ದಿರಿ. ಇನ್ನೊಂದು ಸ್ವಲ್ಪ ಕುಟಿಲವಾದದ್ದು: ವಿಂಡೋಸ್ ವ್ಯವಸ್ಥೆಯಲ್ಲಿ ಬರೆದ ಕಡತಗಳಲ್ಲಿ ಹೊಸ ಸಾಲಿನ ಸಂಕೇತಕ್ಕೆ ಮೊದಲು ಇನ್ನೊಂದು ಕಾಣದ ಸಂಕೇತವೂ ಇರುತ್ತದೆ. 'ಮೊತ್ತ=850' ಎಂದು ಮುಗಿಯುವ ಅಂಥ ಸಾಲನ್ನು ನಮ್ಮ ಪಾರ್ಸರ್ ತಿರಸ್ಕರಿಸುವುದಿಲ್ಲ, ಒಪ್ಪಿಕೊಳ್ಳುವುದು; ಆದರೆ ಅದು ಕೊಟ್ಟ ಮೌಲ್ಯದಲ್ಲಿರುವ ಅಕ್ಷರಗಳನ್ನು ಎಣಿಸಿದರೆ ಮೂರಲ್ಲ, ನಾಲ್ಕು.